ಮಂತ್ರಿಗಳು ಆಡದ ಮಾತು

ಮಂತ್ರಿಗಳ ತಲೆ ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು. ನಾನು ‘ಯೆಸ್’ ಎಂದು ಟೈಪ್ ಮಾಡಿದೆ. ನಾನು ಮಾಡಿದ್ದು ಇಷ್ಟೇ. ಅಷ್ಟಕ್ಕೆ ಸಮುದ್ರದಾಚೆ ಒಬ್ಬ ಹೆಂಗಸು ತುಂಬಿದ ಸಭೆಯಿಂದ ಎದ್ದು ಹೊರಗೆ ನಡೆಯಬೇಕಾಯಿತು.

ಆ ದೇಶದ ಹೆಸರು ಎಲ್ಲೂ ಹೇಳುವುದಿಲ್ಲ ಎಂದು ಕಂಪನಿಗೆ ಸಹಿ ಮಾಡಿಕೊಟ್ಟಿದ್ದೇನೆ. ಅಲ್ಲಿ ರಾಜರಿದ್ದಾರೆ, ನಾಣ್ಯದ ಮೇಲೆ ಅವರ ಮುಖವೂ ಇದೆ; ಆಳುವವರು ಮಾತ್ರ ಜನ ಆರಿಸಿ ಕಳಿಸಿದವರು. ನಮ್ಮ ಲೋಕಸಭೆ ಇದ್ದ ಹಾಗೆ ಅಲ್ಲೊಂದು ಕೆಳಮನೆ. ಅವರಿಗೆ ಮಧ್ಯಾಹ್ನವಾದಾಗ ಕಡೂರಿನಲ್ಲಿ ಬೆಳಗಿನ ಏಳೂವರೆ. ಏಳೂಕಾಲಿಗೆಲ್ಲ ನಾನು ಸ್ನಾನ ಮಾಡಿ, ಜಡೆ ಹಾಕಿ, ಇಸ್ತ್ರಿ ಸೀರೆ ಉಟ್ಟು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದೆ. ನನ್ನನ್ನು ಯಾರೂ ನೋಡುವುದಿಲ್ಲ ಅಂತ ಗೊತ್ತು. ಆದರೂ ಸಭಾಧ್ಯಕ್ಷರು ಮೆರವಣಿಗೆಯಲ್ಲಿ ಒಳಗೆ ಬರುವಾಗ ನೈಟಿಯಲ್ಲಿ ಕೂರುವುದು ನನ್ನಿಂದಾಗದ ಕೆಲಸ.

ಆ ಮನೆಯಲ್ಲಿ ಆಡಿದ ಮಾತನ್ನು ಅಕ್ಷರಕ್ಕಿಳಿಸಿ, ಸರ್ಕಾರದ ಅಧಿಕೃತ ವರದಿ ಹೊರಬರುವ ಮುಂಚೆಯೇ ಪತ್ರಿಕೆಗಳಿಗೆ, ಸಂಘಗಳಿಗೆ, ಸದಸ್ಯರ ಕಚೇರಿಗಳಿಗೆ ಕಳಿಸುವುದು ನಮ್ಮ ಕಂಪನಿಯ ಕೆಲಸ. ಕಲಾಪವನ್ನು ಏಳೇಳು ನಿಮಿಷದ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಮೊದಲು ಯಂತ್ರ ಕೇಳಿ ಬರೆಯುತ್ತದೆ. ಅದು ಬರೆದದ್ದನ್ನು ವಿಡಿಯೋ ನೋಡುತ್ತಾ ನಾನು ತಿದ್ದುತ್ತೇನೆ. ಅಂ, ಊಂ ತೆಗೆಯಬೇಕು. ಬಾಯಿ ತಪ್ಪಿದ ವ್ಯಾಕರಣ ಸರಿ ಮಾಡಬಹುದು, ಅರ್ಥ ಮುಟ್ಟುವ ಹಾಗಿಲ್ಲ. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಇಂಥ ಕ್ಷೇತ್ರದ ಸದಸ್ಯರು ಎನ್ನುತ್ತಾರೆ. ನೂರೈವತ್ತು ಕ್ಷೇತ್ರ, ಯಾವುದು ಯಾರದ್ದೆಂದು ನನಗೆ ಮಗ್ಗಿಯ ಹಾಗೆ ಬಾಯಿಗೆ ಬಂದಿತ್ತು. ನಾನು ತಿದ್ದಿದ ತುಂಡು ಅಜ್ಜಂಪುರದಲ್ಲಿರುವ ಪರಿಶೀಲಕರಿಗೆ ಹೋಗುತ್ತದೆ. ಅವರು ಇನ್ನೊಮ್ಮೆ ಕೇಳಿ, ಸರಿ ಎಂದು ಒತ್ತಿದರೆ ಮೈಸೂರಿನ ಮೇಲ್ವಿಚಾರಕಿಗೆ. ಆಕೆ ಬಿಡುಗಡೆ ಮಾಡುತ್ತಾಳೆ. ಎಲ್ಲ ಮೆಸೇಜಿನಲ್ಲೇ. ಎರಡು ವರ್ಷದಲ್ಲಿ ಇಬ್ಬರ ಮುಖವನ್ನೂ ನೋಡಿರಲಿಲ್ಲ, ದನಿಯನ್ನೂ ಕೇಳಿರಲಿಲ್ಲ.

ನನ್ನ ವಠಾರ ರೈಲ್ವೆ ಹಳಿಯ ಹತ್ತಿರ. ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹೆಡ್‌ಫೋನಿನೊಳಗೂ ನುಗ್ಗುತ್ತದೆ. ಒಮ್ಮೆ ತೆರಿಗೆ ಮಸೂದೆಯ ಚರ್ಚೆಯ ನಡುವೆ ಗಾಡಿ ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ ಎಂದು ಬರೆದುಬಿಟ್ಟು, ಕಳಿಸುವ ಮುಂಚೆ ಕಣ್ಣಿಗೆ ಬಿದ್ದು ಅಳಿಸಿದ್ದೆ. ನಕ್ಕೆ ಕೂಡ. ಹೇಳಿಕೊಂಡು ನಗುವುದಕ್ಕೆ ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಪಕ್ಕದ ಮನೆಯ ಆಪಾ ಉರ್ದು ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ, ಬೆಳಿಗ್ಗೆ ಹೋದರೆ ಬರುವುದು ಮೂರೂವರೆಗೆ. ಅಲ್ಲಿಯವರೆಗೆ ನನಗಿದ್ದವರೆಂದರೆ ಆ ನೂರೈವತ್ತು ಜನ. ಯಾರಿಗೆ ನೆಗಡಿಯಾಗಿದೆ, ಯಾರು ಉತ್ತರ ಗೊತ್ತಿಲ್ಲದಾಗ ಗಂಟಲು ಸರಿ ಮಾಡಿಕೊಳ್ಳುತ್ತಾರೆ, ಯಾರ ದನಿ ಮೊನ್ನೆಯಿಂದ ಕುಗ್ಗಿದೆ, ಎಲ್ಲ ನನಗೆ ಗೊತ್ತಾಗುತ್ತಿತ್ತು. ಸಭೆ ಇಲ್ಲದ ವಾರಗಳಲ್ಲಿ ಬಾಯಿ ಬಿಟ್ಟು ಮಾತಾಡಲು ಹಾಲಿನವನೇ ಗತಿ.

ಅವರಲ್ಲಿ ನನಗೆ ತುಂಬಾ ಇಷ್ಟವಾದವಳು ಒಬ್ಬ ಹೊಸ ಸದಸ್ಯೆ. ಯಾವ ಪಕ್ಷಕ್ಕೂ ಸೇರದೆ ಗೆದ್ದು ಬಂದವಳು, ಕೊನೆಯ ಸಾಲಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಅವಳು ಎದ್ದು ನಿಂತರೆ ಅರ್ಧ ಸಭೆ ಕಾಫಿಗೆ ಹೊರಡುತ್ತಿತ್ತು. ಅವಳ ಕ್ಷೇತ್ರ ಕಡಲ ದಂಡೆಯ ಒಂದು ಊರು. ಅಲ್ಲಿಯ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಮುಚ್ಚಿದ್ದರು. ದಿನ ತುಂಬಿದ ಹೆಂಗಸರು ಎರಡು ಗಂಟೆ ಕಾರಿನಲ್ಲಿ ಹೋಗಬೇಕು, ದಾರಿಯಲ್ಲೇ ಹೆರಿಗೆಯಾದದ್ದೂ ಇದೆ. ಮುಚ್ಚುವ ಮುಂಚೆ ಅಲ್ಲಿಯ ನರ್ಸುಗಳೆಲ್ಲ ಸಹಿ ಹಾಕಿ, ಹೀಗಾಗುತ್ತದೆ, ಮುಚ್ಚಬೇಡಿ ಎಂದು ಮಂತ್ರಿಗಳಿಗೆ ಪತ್ರ ಬರೆದಿದ್ದರಂತೆ. ಅವಳು ತಿಂಗಳುಗಟ್ಟಲೆ ಕೇಳುತ್ತಿದ್ದುದು ಒಂದೇ ಮಾತು: ಆ ಪತ್ರ ನೀವು ಓದಿದ್ದಿರಾ?

ಆ ದಿನ ಪ್ರಶ್ನೋತ್ತರದಲ್ಲಿ ಮತ್ತೆ ಕೇಳಿದಳು. ವಾರ್ಡ್ ಮುಚ್ಚುವ ಆದೇಶಕ್ಕೆ ಸಹಿ ಹಾಕುವ ಮುಂಚೆ ಮಾನ್ಯ ಮಂತ್ರಿಗಳು ನರ್ಸುಗಳ ಪತ್ರ ಓದಿದ್ದರೋ ಇಲ್ಲವೋ? ಸಭೆಯಲ್ಲಿ ಗದ್ದಲವೆದ್ದಿತು. ಮಂತ್ರಿಗಳು ಎದ್ದು ಮೇಜಿನ ಮೇಲೆ ಕೈಯೂರಿ ಅವಳತ್ತ ನೋಡಿದರು. ತಲೆ ಆಡಿಸಿದರು. ಆಮೇಲೆ ತಮ್ಮ ಸರ್ಕಾರ ಆಸ್ಪತ್ರೆಗಳಿಗೆ ಏನೆಲ್ಲ ಮಾಡಿದೆ ಎಂಬ ಭಾಷಣ ಶುರು ಮಾಡಿದರು. ಆ ಗದ್ದಲದ ಜಾಗದಲ್ಲಿ ಯಂತ್ರ ಏನೂ ಬರೆಯದೆ ಖಾಲಿ ಬಿಟ್ಟಿತ್ತು. ಖಾಲಿ ಜಾಗ ತುಂಬುವುದು ನನ್ನ ಕೆಲಸ. ‘ಯೆಸ್’ ಎಂದು ಹಾಕಿ, ಪೂರ್ಣವಿರಾಮ ಕೊಟ್ಟು, ಭಾಷಣಕ್ಕೆ ಹೋದೆ.

ಇದು ಹೇಗಾಯಿತು ಎಂದು ಹೇಳದಿದ್ದರೆ ನಾನು ಬೇಕೆಂದೇ ಮಾಡಿದೆ ಅನ್ನಿಸಬಹುದು. ಇದಕ್ಕೆ ಮುಂಚೆ ನಾನು ಬಹಳ ಕಾಲ ಒಂದು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ಹಳ್ಳಿಯಿಂದ ಸಾಕ್ಷಿ ಹೇಳಲು ಬಂದ ಹೆಂಗಸರಿಗೆ ಕಟಕಟೆ ಹತ್ತಿದ ಕೂಡಲೇ ದನಿ ಹೊರಡುತ್ತಿರಲಿಲ್ಲ. ವಕೀಲರು ಕೇಳಿದರೆ ಸೆರಗು ಬಾಯಿಗಿಟ್ಟು ತಲೆ ಆಡಿಸುವರು. ಜಡ್ಜ್ ಸಾಹೇಬರು ಒಂದೆರಡು ಸಲ, “ಬಾಯಲ್ಲಿ ಹೇಳಮ್ಮಾ” ಅಂತ ಗದರಿಸಿ ನೋಡಿ, ಕೊನೆಗೆ ಕನಿಕರಪಟ್ಟು ನನ್ನ ಕಡೆ ತಿರುಗಿ, “ಹೌದು ಅಂತ ಬರ್ಕೊಳ್ಳಿ” ಎನ್ನುತ್ತಿದ್ದರು. ಎಷ್ಟೋ ಸಲ ಅವರು ಹೇಳುವ ಮುಂಚೆ ನನ್ನ ಬೆರಳೇ ಬರೆದಿರುತ್ತಿತ್ತು. ಅದು ಮಾತು ಬಾರದವರಿಗೆ ಮಾಡಿದ ಉಪಕಾರ ಎಂದೇ ನಾನು ತಿಳಿದಿದ್ದೆ. ದಿನವಿಡೀ ಮಾತಾಡುವ ಮಂತ್ರಿಗೆ ಆ ಉಪಕಾರ ಬೇಕಿಲ್ಲ ಎನ್ನುವುದು ಬೆರಳಿಗೆ ಹೊಳೆಯಲಿಲ್ಲ.

ಹನ್ನೊಂದರ ಹೊತ್ತಿಗೆ ಅದು ಪರಿಶೀಲನೆ ದಾಟಿ ಬಿಡುಗಡೆಯಾಗಿತ್ತು. ನಾನು ಅವಲಕ್ಕಿ ನೆನೆಸಿಟ್ಟು ಮುಂದಿನ ತುಂಡಿಗೆ ಕಾಯುತ್ತಿದ್ದೆ. ಬಂದ ತುಂಡು ತೆರೆದರೆ ಅವಳೇ. ಕೈಯಲ್ಲಿ ಕಾಗದ ಹಿಡಿದು ನಿಂತಿದ್ದಾಳೆ. ದನಿ ಎಂದಿನಂತೆ ನಡುಗುತ್ತಿರಲಿಲ್ಲ, ಹಬ್ಬದ ದಿನದ ದನಿ. ಇಂದು ಮಂತ್ರಿಗಳು ಕೊನೆಗೂ ಒಪ್ಪಿಕೊಂಡರು, ಪತ್ರ ಓದಿಯೇ ವಾರ್ಡ್ ಮುಚ್ಚಿದಿರಾ ಎಂದರೆ ಹೌದೆಂದರು, ಇಲ್ಲಿದೆ ನೋಡಿ ಬರಹ, ಎಂದು ಓದಿದಳು. ನನ್ನ ‘ಯೆಸ್’.

ಮಂತ್ರಿಗಳು ಎದ್ದರು. ನಾನು ಆ ಮಾತು ಆಡಿಯೇ ಇಲ್ಲ ಎಂದರು. ಆಡಳಿತ ಪಕ್ಷದ ಸಾಲುಗಳು ಮೇಜು ಬಡಿದವು. ಅಲ್ಲಿ ಒಬ್ಬ ಸದಸ್ಯ ಆಡದ ಮಾತನ್ನು ಆಡಿದರೆಂದು ಹೇಳುವುದು ದೊಡ್ಡ ಅಪರಾಧ. ಸಭಾಧ್ಯಕ್ಷರು ಮಾತು ಹಿಂತೆಗೆದುಕೊಳ್ಳಿ ಎಂದರು. “ನಾನು ಕಣ್ಣಾರೆ ಕಂಡಿದ್ದೇನೆ. ಅವರು ಒಪ್ಪಿದ್ದನ್ನು ಕಂಡಿದ್ದೇನೆ, ಬರಹವೂ ಇದೆ,” ಎಂದಳು. ಮೂರು ಸಲ ಹೇಳಿದರು, ಮೂರು ಸಲವೂ ಅವಳು ಒಪ್ಪಲಿಲ್ಲ. ಒಂದು ಗಂಟೆ ಸಭೆಯಿಂದ ಹೊರಗಿರಬೇಕೆಂದು ಆಜ್ಞೆಯಾಯಿತು. ಅವಳು ಕಾಗದ ಮಡಚಿ, ಕುರ್ಚಿಗಳ ನಡುವಿನ ಉದ್ದ ದಾರಿಯಲ್ಲಿ ನಡೆದು ಹೋದಳು. ಯಾರೋ ಸುಳ್ಳಿ ಎಂದು ಕೂಗಿದರು.

ಅದನ್ನೂ ನಾನೇ ತಿದ್ದಿ ಕಳಿಸಬೇಕಿತ್ತು. ಕಳಿಸಿದೆ. ಆಮೇಲೆ ಹಳೆಯ ತುಂಡು ತೆರೆದು ದನಿ ಪೂರ್ತಿ ಏರಿಸಿ ಕೇಳಿದೆ. ಯೆಸ್ ಇಲ್ಲ. ಹತ್ತು ಸಲ ಕೇಳಿದೆ, ಇಲ್ಲ. ದನಿ ಮುಚ್ಚಿ ಬರೀ ನೋಡಿದೆ. ತಲೆ ಆಡಿದ್ದು ನಿಜ. ಅದು ಒಪ್ಪಿಗೆಯೋ, ‘ಕೇಳಿಸಿತು, ಕೂತುಕೊಳ್ಳಮ್ಮಾ’ ಎನ್ನುವ ಉಪೇಕ್ಷೆಯೋ, ಅವರನ್ನೇ ಕೇಳಬೇಕು. ನನಗೆ ಕಂಡದ್ದು ಒಪ್ಪಿಗೆ. ಕಂಡದ್ದನ್ನು ಬರೆಯಿರಿ ಎಂದು ನನಗೆ ಯಾರೂ ಹೇಳಿರಲಿಲ್ಲ, ಕೇಳಿದ್ದನ್ನು ಬರೆಯಿರಿ ಎಂದಿದ್ದರು.

ಹನ್ನೆರಡೂವರೆಗೆ ಮೇಲ್ವಿಚಾರಕಿಯ ಮೆಸೇಜ್ ಬಂತು. “ಮೇಡಂ, ಆ ಯೆಸ್ ಎಲ್ಲಿಂದ ಬಂತು?”

ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಆಕೆಯ ಉತ್ತರ ಬಂತು: “ಸದಸ್ಯೆಯ ಆಫೀಸಿನಿಂದ ವಿವರಣೆ ಕೇಳಿದ್ದಾರೆ. ಐದು ಗಂಟೆಯೊಳಗೆ ಕೊಡಬೇಕು. ಸಾಫ್ಟ್‌ವೇರ್ ದೋಷ ಅಂತ ಬರೆದುಬಿಡೋಣ ಅಂತಿದ್ದಾರೆ ದೊಡ್ಡವರು. ನೀವು ಸುಮ್ನಿರಿ ಸಾಕು. ಮನುಷ್ಯರ ತಪ್ಪು ಅಂತಾದ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ಚೆಕ್ ಮಾಡಿದವರ ಕೆಲಸಾನೂ ಹೋಗುತ್ತೆ.”

ಯಂತ್ರಕ್ಕೆ ಹೆಂಡತಿ ಮಕ್ಕಳಿಲ್ಲ, ಅದರ ತಲೆಗೆ ಕಟ್ಟಿದರೆ ಯಾರಿಗೂ ನೋವಿಲ್ಲ. ಹೀಗೆ ನನಗೆ ನಾನೇ ಹೇಳಿಕೊಂಡೆ. ಆದರೆ ಯಂತ್ರ ತಪ್ಪಿತು ಎಂದರೆ ಅವಳು ಕಣ್ಣಾರೆ ಕಂಡೆ ಎಂದದ್ದೂ ಸುಳ್ಳಾಗುತ್ತಿತ್ತು. ಯಾವುದೋ ಯಂತ್ರ ಬಡಬಡಿಸಿದ್ದನ್ನು ಹಿಡಿದು ಕುಣಿದವಳು ಎಂದು ನಾಳೆ ನಗುತ್ತಾರೆ. ಅವಳು ಕಂಡದ್ದನ್ನು ಇನ್ನೊಬ್ಬಳೂ ಕಂಡಿದ್ದಳು ಎನ್ನುವುದು ನನಗೆ ಮಾತ್ರ ಗೊತ್ತು. ಅವಳಿಗೂ ಗೊತ್ತಿಲ್ಲ.

ಪರಿಶೀಲಕರನ್ನು ಒಂದು ಮಾತು ಕೇಳದೆ ಏನೂ ಮಾಡಬಾರದು ಅನ್ನಿಸಿತು. ಹಿಂದೊಮ್ಮೆ ದೀಪಾವಳಿಗೆ ಸಿಹಿ ಕಳಿಸಲು ಕಂಪನಿ ಎಲ್ಲರ ವಿಳಾಸ, ನಂಬರ್ ಹಾಕಿದ ಪಟ್ಟಿ ನನ್ನ ಹತ್ತಿರ ಇತ್ತು. ಫೋನ್ ಮಾಡಬಹುದಿತ್ತು. ಆದರೆ ಇಂಥದನ್ನು ಫೋನಿನಲ್ಲಿ ಕೇಳುವುದು ಹೇಗೆ? ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಹೋದೆ. ಅಜ್ಜಂಪುರದ ಬಸ್ಸು ಬೀರೂರಿನಲ್ಲಿ ಕಾಲು ಗಂಟೆ ನಿಂತು ಈರುಳ್ಳಿ ಮೂಟೆ ಹೇರಿಕೊಂಡಿತು. ಎರಡು ವರ್ಷದಿಂದ ಒಂದೇ ಮಾತನ್ನು ಇಬ್ಬರೂ ಕೇಳಿದ್ದೇವೆ, ಎದುರಿಗೆ ಬಂದರೆ ಗುರುತು ಸಿಗುವುದಿಲ್ಲ. ಅದನ್ನೇ ಯೋಚಿಸುತ್ತಾ ಕೂತಿದ್ದೆ.

ನಲವತ್ತರ ಆಸುಪಾಸಿನ ಮನುಷ್ಯ, ಮೊದಲು ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದರಂತೆ. ಬಾಗಿಲಲ್ಲೇ ನನ್ನ ಪರಿಚಯ ಹೇಳಿದಾಗ ಗಾಬರಿಯಾಗಿ, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು, “ಬನ್ನಿ ಬನ್ನಿ ಮೇಡಂ, ಕೂತ್ಕಳಿ. ನೀವು ಇಷ್ಟು ದೊಡ್ಡೋರು ಅಂತ ಅಂದ್ಕೊಂಡಿರ್ಲಿಲ್ಲ,” ಎಂದರು. ವಯಸ್ಸಿನ ಮಾತು. ನನಗೆ ನಗು ಬಂತು. ಅವರ ಹೆಂಡತಿ ಟೀ ತಂದಿಟ್ಟು ಬಾಗಿಲ ಹತ್ತಿರ ನಿಂತರು.

“ಸಾರ್, ಆ ತುಂಡಲ್ಲಿ ಯೆಸ್ ನಿಮಗೆ ಕೇಳಿಸ್ತಾ?” ಎಂದು ಕೇಳಿದೆ.

ಅವರು ನೆಲ ನೋಡಿದರು. “ಇಲ್ಲಿ ನೆಟ್ ಸರಿಯಾಗಿ ಬರಲ್ಲ ಮೇಡಂ. ವಿಡಿಯೋ ಹಾಕಿದ್ರೆ ನಿಂತೋಗುತ್ತೆ. ನಾನು ಬರೀ ಕೇಳೋದು. ಯೆಸ್ ನಂಗೆ ಕೇಳಿಸ್ಲಿಲ್ಲ.”

“ಮತ್ತೆ ಸರಿ ಅಂತ ಒತ್ತಿದ್ರಲ್ಲ?”

“ನೀವು ಬರ್ದಿದ್ರಲ್ಲ ಮೇಡಂ. ಎರಡು ವರ್ಷದಲ್ಲಿ ನಿಮ್ಮದು ಒಂದು ತಪ್ಪೂ ನಾನು ಹಿಡಿದಿಲ್ಲ. ನಂಗೆ ಕೇಳಿಸದೆ ಇರೋದು ನಿಮಗೆ ಕೇಳಿಸಿರುತ್ತೆ ಅಂದ್ಕೊಂಡೆ.”

ನನ್ನ ಬಗ್ಗೆ ಇಷ್ಟು ನಂಬಿಕೆ ಇಟ್ಟ ಮನುಷ್ಯನೊಬ್ಬ ಕಡೂರಿನಿಂದ ಒಂದೂವರೆ ಗಂಟೆ ದೂರದಲ್ಲಿದ್ದ. ಅದು ನನಗೆ ತಿಳಿದದ್ದು ಆ ನಂಬಿಕೆ ಕೆಟ್ಟ ದಿನ. ಟೀ ಕುಡಿಯುವ ನೆಪ ಮಾಡಿದೆ.

“ನಾನೇ ಬರೆದೆ ಅಂತ ಹೇಳ್ಬೇಕು ಅಂತಿದ್ದೀನಿ,” ಎಂದೆ.

“ಅಯ್ಯೋ, ಯಾಕೆ ಮೇಡಂ? ಮಿಷಿನ್ ಮೇಲೆ ಹಾಕ್ತೀವಿ ಅಂತ ಅವ್ರೇ ಹೇಳಿದ್ದಾರಲ್ಲ. ಮಿಷಿನ್ ಏನು ಬೇಜಾರು ಮಾಡ್ಕಳುತ್ತಾ?” ದನಿ ತಗ್ಗಿಸಿದರು. “ನಾನು ಟ್ಯೂಷನ್ ಬಿಟ್ಟು ಇದನ್ನ ಹಿಡಿದಿದ್ದು. ಹುಡುಗ್ರೆಲ್ಲ ಬೇರೆ ಕಡೆ ಸೇರ್ಕಂಡ್ರು, ಇನ್ನು ವಾಪಸ್ ಬರಲ್ಲ. ನನ್ನ ಹೆಸರು ಎತ್ತಬೇಡಿ ಮೇಡಂ.”

ಬಾಗಿಲಲ್ಲಿದ್ದ ಅವರ ಹೆಂಡತಿ, “ಹಂಗಂತಾರೇನ್ರೀ, ಮನೇಗ್ ಬಂದೋರ ಹತ್ರ?” ಎಂದರು.

ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಜೊತೆಗೆ ನಿಲ್ಲುತ್ತೇನೆ ಎನ್ನಲಿ ಎಂದೇ ನಾನು ಅಷ್ಟು ದೂರ ಹೋಗಿದ್ದೆನೇನೋ. ಬಸ್ ಸ್ಟ್ಯಾಂಡಿನ ತನಕ ಬಿಡುತ್ತೇನೆ ಎಂದು ಬೈಕ್ ತೆಗೆದರು, ಬೇಡ ಎಂದು ನಡೆದೆ. ನಡೆಯುತ್ತಾ ಕೋಪ ಇಳಿಯಿತು. ಅವರದು ನಂಬಿಕೆ, ನನ್ನದು ಬೆರಳು. ತಪ್ಪು ಮಾಡಿದ್ದು ಬೆರಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಮಂತ್ರಿಗಳು ಯೆಸ್ ಎನ್ನಲಿಲ್ಲ. ಪ್ರಶ್ನೆ ಮುಗಿದ ಮೇಲೆ ತಲೆ ಆಡಿಸಿದರು. ಅದನ್ನು ಮಾತೆಂದು ಬರೆದದ್ದು ಯಂತ್ರವಲ್ಲ, ನಾನು. ತಲೆ ಆಡಿಸಿದ್ದನ್ನು ಮಾತಾಗಿ ಬರೆಯುವ ಅಧಿಕಾರ ನನಗಿರಲಿಲ್ಲ. ತಪ್ಪು ನನ್ನೊಬ್ಬಳದು, ಬರಹವನ್ನು ನಂಬಿ ಓದಿದ ಸದಸ್ಯೆಯದಲ್ಲ. ಇದನ್ನು ಒಂದು ಅಕ್ಷರ ಬದಲಿಸದೆ ಅವರ ಆಫೀಸಿಗೆ ಕಳಿಸಿ ಎಂದು ಸೇರಿಸಿ, ನಾಲ್ಕೂವರೆಗೆ ಮೈಸೂರಿಗೆ ಕಳಿಸಿದೆ.

ಫೋನ್ ರಿಂಗಾಯಿತು. ಮೇಲ್ವಿಚಾರಕಿ. ಎಳೆಯ ದನಿ, ಇಪ್ಪತ್ತೈದು ದಾಟಿರಲಾರದು. ಎರಡು ವರ್ಷ ಇವಳಿಗೆ ನಾನು ಹೆದರುತ್ತಿದ್ದೆನಲ್ಲ ಅನ್ನಿಸಿತು.

“ಮೇಡಂ, ಇದು ಹೋದ್ರೆ ನೀವು ಇರಲ್ಲ. ಯೋಚ್ನೆ ಮಾಡಿದ್ದೀರಾ?”

“ಮಾಡಿದ್ದೀನಿ ಕಣಮ್ಮಾ.”

“ಮನೇಲಿ ಒಂದ್ಸಲ ಕೇಳಿ ಹೇಳಿ. ಹತ್ತು ನಿಮಿಷ ಕಾಯ್ತೀನಿ.”

ಯಾರನ್ನು ಕೇಳಲಿ? “ಕೇಳಿ ಆಯ್ತು. ಕಳಿಸು,” ಎಂದೆ.

ಕಳಿಸಿದರು. ಹಾಗೆ ನೋಡಿದರೆ ದೊಡ್ಡವರಿಗೂ ಅದೇ ಸಲೀಸಾಗಿತ್ತು. ಯಂತ್ರ ಕೆಟ್ಟಿದೆ ಎಂದರೆ ಅದನ್ನು ಕೊಳ್ಳುವವರು ಹಿಂದೆಗೆಯುತ್ತಾರೆ, ಕಡೂರಿನ ಹೆಂಗಸು ಕೆಟ್ಟಳು ಎಂದರೆ ಬೇರೆ ಹೆಂಗಸು ಸಿಗುತ್ತಾಳೆ. ಮರುದಿನ ಏಳೂಕಾಲಿಗೆ ಇಸ್ತ್ರಿ ಸೀರೆ ಉಟ್ಟು ಕೂತರೆ ನನ್ನ ಪಾಸ್‌ವರ್ಡ್ ನಡೆಯಲಿಲ್ಲ. ಕಲಾಪವನ್ನು ಎಲ್ಲರಿಗೂ ಕಾಣುವ ಹಾಗೆ ಬಿತ್ತರಿಸುತ್ತಾರೆ, ಅದನ್ನು ಹಾಕಿಕೊಂಡೆ. ಮಾಡುವುದಕ್ಕೇನೂ ಇಲ್ಲದೆ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಬೆರಳು ಮಾತ್ರ ಸೀರೆಯ ಮೇಲೆ ಆಡುತ್ತಲೇ ಇತ್ತು.

ಅವಳು ಎದ್ದು ನನ್ನ ಹೇಳಿಕೆಯನ್ನು ಓದಿದಳು. “ಮಂತ್ರಿಗಳು ಆ ಮಾತು ಆಡಲಿಲ್ಲ. ಆಡಿದರೆಂದು ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಇದನ್ನು ಬರೆದವರು ಯಾರೋ, ಎಲ್ಲಿಯವರೋ ನನಗೆ ಗೊತ್ತಿಲ್ಲ. ನಾನು ಕಂಡದ್ದನ್ನು ಅವರೂ ಕಂಡಿದ್ದಾರೆ. ಅವರಿಗೆ ನನ್ನ ವಂದನೆ.” ಹೀಗೆಂದು ಕೂತಳು. ನಾನು ಅತ್ತೆ. ಜೋರಾಗಿಯೇ ಅತ್ತೆ, ಕೇಳುವವರು ಇರಲಿಲ್ಲವಲ್ಲ. ನಿನ್ನೆ ಕೂಗಿದವರು ಇವತ್ತು ಕೂಗಲಿಲ್ಲ, ಅಷ್ಟು ಸಾಕೆನ್ನಿಸಿತು. ಮಂತ್ರಿಗಳು ಮಾತ್ರ ಮುಂದಿನ ಕಾಗದ ತಿರುವುತ್ತಿದ್ದರು. ಅವಳ ಪ್ರಶ್ನೆ ಹಾಗೇ ಉಳಿಯಿತು.

ಆ ವಾರದ ಕೊನೆಗೆ ಸಭೆ ಮುಂದಕ್ಕೆ ಹೋಯಿತು. ಆಮೇಲೂ ಆರಕ್ಕೆ ಎಚ್ಚರವಾಗುತ್ತಿತ್ತು, ಸೀರೆ ಉಡುತ್ತಿದ್ದೆ, ಕೂರುತ್ತಿದ್ದೆ. ತರೀಕೆರೆಯ ವಕೀಲರೊಬ್ಬರು ಟೈಪಿಂಗ್ ಕೆಲಸವಿದೆ ಬನ್ನಿ ಎಂದಿದ್ದರು, ಮುಂದಿನ ತಿಂಗಳು ಬರುತ್ತೇನೆ ಎಂದೆ. ಅಜ್ಜಂಪುರದಿಂದ ಒಂದು ಮೆಸೇಜ್ ಬಂತು: “ಕ್ಷಮಿಸಿ ಮೇಡಂ.” ಅದರ ಕೆಳಗೆ ಏನು ಬರೆಯಬೇಕೆಂದು ತಿಳಿಯದೆ ಎರಡು ದಿನ ಬಿಟ್ಟು, “ಊಟ ಆಯ್ತಾ ಸಾರ್?” ಎಂದು ಬರೆದೆ.

ಸಭೆ ಮತ್ತೆ ಸೇರುವಷ್ಟರಲ್ಲಿ ಆ ನರ್ಸುಗಳು ಅರ್ಜಿ ಹಾಕಿ, ಮಂತ್ರಿಗಳ ಕಡತದಿಂದ ತಮ್ಮ ಪತ್ರದ ಪ್ರತಿ ಪಡೆದು ಪತ್ರಿಕೆಗಳಿಗೆ ಕೊಟ್ಟಿದ್ದರು. ಅದರ ಮೇಲೆ ಮಂತ್ರಿಗಳ ಕಚೇರಿಯ ಮೊಹರಿತ್ತು, ಅಂಚಿನಲ್ಲಿ ಮಂತ್ರಿಗಳದೇ ಕೈಬರಹವಿತ್ತು. ಮೊದಲ ದಿನವೇ ಅವಳು ಎದ್ದು ಅದೇ ಪ್ರಶ್ನೆ ಕೇಳಿದಳು. ಈ ಸಲ ಯಾರೂ ಕಾಫಿಗೆ ಎದ್ದು ಹೋಗಲಿಲ್ಲ. ಮಂತ್ರಿಗಳು ಮೇಜಿಗೆ ಕೈಯೂರಿದರು. ತಲೆ ಆಡಿಸಲಿಲ್ಲ.

“ಯೆಸ್. ಓದಿದ್ದೆ,” ಎಂದರು.

ನಾನು ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ಬಂದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿತು. ಅವತ್ತು ಶಾಲೆಗೆ ರಜೆ. ಆಪಾ ಜಗುಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು.

“ಏನಮ್ಮಾ, ಮುಖ ಹಿಂಗಾಗಿದೆ?”

ಕೂತು ಎಲ್ಲ ಹೇಳಿದೆ. ವಾರ್ಡು, ಪತ್ರ, ತಲೆ ಆಡಿಸಿದ್ದು, ನಾನು ಬರೆದದ್ದು, ಕೆಲಸ ಹೋದದ್ದು, ಈಗ ತಾನೇ ಅವರು ಬಾಯಿ ಬಿಟ್ಟು ಹೇಳಿದ್ದು. ಆಪಾ ಮೊರ ಕೆಳಗಿಟ್ಟು ಕೇಳಿದರು. ಎಷ್ಟು ಅರ್ಥವಾಯಿತೋ.

“ಹಂಗಾದ್ರೆ ನೀನು ಬರ್ದಿದ್ದೇ ಸರಿ ಆಯ್ತಲ್ಲಮ್ಮಾ!”

“ಇಲ್ಲ ಆಪಾ. ಅವತ್ತು ಅವ್ರು ಹೇಳಿರ್ಲಿಲ್ಲ.”

“ಕೆಲಸ ವಾಪಸ್ ಕೊಡ್ತಾರಾ?”

“ಇಲ್ಲ.”

“ಮತ್ತೆ? ಕೆಲಸ ಹೋಗಿ ತಿಂಗಳಾಯ್ತು ಅಂತೀಯ. ಯಾವ್ದೋ ದೇಶ, ಯಾರೋ ಜನ. ಇವತ್ತೂ ಬೆಳಿಗ್ಗೆಯಿಂದ ಅವ್ರ ಮಾತು ಯಾಕೆ ಕೇಳ್ತಾ ಕೂತಿದ್ದೆ?”

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

“ನಂಗೆ ಅವ್ರನ್ನ ಬಿಟ್ರೆ ಯಾರೂ ಇಲ್ಲ ಆಪಾ,” ಎಂದೆ. ಅದನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.